ನಿದ್ರೆಯಿಲ್ಲದ ಬೀಗದ ಕೈ

2024ರ ಜನವರಿ ತಿಂಗಳ ಒಂದು ಬೆಳಗಿನ ಜಾವ. ಮೈಸೂರಿನಲ್ಲಿ ಮಾಗಿಯ ಚಳಿ ಇನ್ನೂ ಹಿಮ್ಮೆಟ್ಟಿರಲಿಲ್ಲ. ನಾಲ್ಕೂವರೆಯ ಸುಮಾರಿಗೆ ನನ್ನ ತಾಯಿಯವರಿಗೆ ಉಬ್ಬಸ ಆರಂಭವಾಯಿತು. ಅವರಿಗೆ ಅದು ಹಳೆಯ ಬೇನೆ. ಸಾಮಾನ್ಯವಾಗಿ ಔಷಧವನ್ನು ಎರಡು ಬಾರಿ ಒಳಗೆಳೆದುಕೊಂಡರೆ ಕಾಲು ಗಂಟೆಯಲ್ಲಿ ಶಮನವಾಗುತ್ತಿತ್ತು. ಅಂದು ಆಗಲಿಲ್ಲ. "ಇನ್ನು ತಡಮಾಡುವುದು ಬೇಡ ರೀ, ಆಸ್ಪತ್ರೆಗೆ ಹೊರಡೋಣ" ಎನ್ನುತ್ತ ನನ್ನ ಮಡದಿ ಅವರಿಗೆ ಶಾಲು ಹೊದಿಸಿ, ಕೈ ಹಿಡಿದು ಹೊರಗೆ ಕರೆತಂದಳು. ನಾನು ಹಜಾರದ ಗೂಟದಿಂದ ಕಾರಿನ ಬೀಗದ ಕೈಯನ್ನು ತೆಗೆದುಕೊಂಡು ಮುಂದೆ ಓಡಿದೆ.

ಕಾರಿನ ಬಾಗಿಲು ತೆರೆಯಲಿಲ್ಲ. ಗುಂಡಿಯನ್ನು ಒತ್ತಿದೆ, ದೀಪ ಮಿನುಗಲಿಲ್ಲ. ಮತ್ತೆ ಒತ್ತಿದೆ, ಬೀಗದ ಕೈಯನ್ನು ಅಂಗೈಯಲ್ಲಿ ಉಜ್ಜಿ ಬಿಸಿಮಾಡಿ ಒತ್ತಿದೆ, ಕೊನೆಗೆ ಕಿಟಕಿಯ ಗಾಜಿಗೇ ಅದನ್ನು ಹಿಡಿದು ಒತ್ತಿದೆ. ಕಾರು ಕಲ್ಲಿನ ಬಸವನಂತೆ ನಿಂತೇ ಇತ್ತು. ತಾಯಿಯವರು ಮೆಟ್ಟಿಲ ಮೇಲೆ ಕುಳಿತು ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವಂತೆ ಎಳೆದುಕೊಳ್ಳುತ್ತಿದ್ದರು. ಸದ್ದು ಕೇಳಿ ಎದುರುಮನೆಯ ಆಟೋ ಚಾಲಕರು ಎದ್ದು ಬಂದರು. "ಅಮ್ಮಾವ್ರನ್ನ ಮೊದಲು ಕೂರಿಸಿ ಸಾರ್, ಕಾರಿನ ಮಾತು ಆಮೇಲೆ" ಎಂದರು. ಅವರ ಪುಣ್ಯದಿಂದ ನಾವು ಹತ್ತು ನಿಮಿಷಗಳಲ್ಲಿ ಆಸ್ಪತ್ರೆಯನ್ನು ಸೇರಿದೆವು.

ಬಿಸಿಲೇರುವ ಹೊತ್ತಿಗೆ ತಾಯಿಯವರ ಉಸಿರಾಟ ಹದಕ್ಕೆ ಬಂದಿತು. ಅವರು ಆಡಿದ ಮೊದಲ ಮಾತು ಇದು: "ಅಲ್ಲವೋ, ಅಷ್ಟೊಂದು ಹಣ ಕೊಟ್ಟು ತಂದ ಕಾರಿಗೆ ಒಂದು ನೆಟ್ಟಗಿನ ಬೀಗದ ಕೈ ಕೊಡಲಿಲ್ಲವೇನೋ ಅವರು?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಬೀಗದ ಕೈಗೆ ನಾನು ಹೊಸ ಸೆಲ್ಲು ಹಾಕಿಸಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಒಂದು ವರ್ಷದಲ್ಲಿ ಅದು ನಾಲ್ಕನೆಯ ಸೆಲ್ಲು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಪ್ರತಿಬಾರಿಯೂ ನಡೆಯುತ್ತಿದ್ದುದು ಒಂದೇ. ಕಾರಿನ ಫಲಕದಲ್ಲಿ ಬೀಗದ ಕೈಯ ಬ್ಯಾಟರಿ ಕ್ಷೀಣಿಸಿದೆಯೆಂಬ ಸೂಚನೆ ಮೂಡುತ್ತಿತ್ತು. ನಾನು ಕೈಗಡಿಯಾರ ರಿಪೇರಿಯ ಅಂಗಡಿಗೆ ಹೋಗುತ್ತಿದ್ದೆ. ಅಂಗಡಿಯವರು ಉಗುರಿನಿಂದ ಬೀಗದ ಕೈಯ ಹೊಟ್ಟೆಯನ್ನು ಸೀಳಿ, ನಾಣ್ಯದಂತಹ ಹಳೆಯ ಸೆಲ್ಲನ್ನು ತೆಗೆದು, ಹೊಸದನ್ನು ಕೂರಿಸಿ, "ಈ ಸಲ ಒಳ್ಳೆಯ ಮಾಲು ಹಾಕಿದ್ದೇನೆ ಮೇಷ್ಟ್ರೇ" ಎಂದು ಧೈರ್ಯ ಹೇಳುತ್ತಿದ್ದರು. ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಕಾರಿನ ಸೇವಾಕೇಂದ್ರದಲ್ಲಿ ವಿಚಾರಿಸಿದಾಗ, ಬೀಗದ ಕೈಯನ್ನೇ ಬದಲಾಯಿಸಬೇಕೆಂದರು. ಅದರ ಬೆಲೆಯನ್ನು ಕೇಳಿದ ಮೇಲೆ ನನಗೆ ಸೆಲ್ಲೇ ಲೇಸೆನಿಸಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾವೂ ಬರೆ ಎಳೆಯುತ್ತಿದ್ದುದು ಸೆಲ್ಲಿಗೆ. ಜ್ವರ ಎಲ್ಲಿಯದೆಂದು ಯಾರೂ ನೋಡಲಿಲ್ಲ. ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ, ಇನ್ನು ಕಾರಣವನ್ನು ತಿಳಿಯದೆ ಬಿಡಬಾರದೆಂದು ನಿಶ್ಚಯಿಸಿದೆ. ನಾನಾದರೋ ಕನ್ನಡ ಪಾಠ ಹೇಳುವವನು. ಆದುದರಿಂದ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರ ಮುಂದೆ ಬೀಗದ ಕೈಯನ್ನಿಟ್ಟು ನನ್ನ ಗೋಳನ್ನು ತೋಡಿಕೊಂಡೆ.

ಅವರು ಕೇಳಿದ ಮೊದಲ ಪ್ರಶ್ನೆ ನನ್ನನ್ನು ಚಕಿತಗೊಳಿಸಿತು: "ಸೆಲ್ಲಿನ ಮಾತು ಇರಲಿ ಸ್ವಾಮಿ, ರಾತ್ರಿ ನಿಮ್ಮ ಬೀಗದ ಕೈ ಮಲಗುವುದೆಲ್ಲಿ?"

ಕರೆಯುವ ಕಾರು, ಓಗೊಡುವ ಕೈ

ಈ ಪ್ರಶ್ನೆಯ ಅರ್ಥವನ್ನು ತಿಳಿಯಬೇಕಾದರೆ ಬೀಗದ ಕೈ ಬೆಳೆದುಬಂದ ಬಗೆಯನ್ನು ಕೊಂಚ ನೋಡಬೇಕು. ದೂರದಿಂದಲೇ ಗುಂಡಿಯೊತ್ತಿ ಬಾಗಿಲು ತೆರೆಯುವ ವ್ಯವಸ್ಥೆ 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಿನೊಡನೆ ಜನಪ್ರಿಯವಾಯಿತು. ಅಂತಹ ಬೀಗದ ಕೈ ಗುಂಡಿಯನ್ನು ಒತ್ತಿದಾಗ ಮಾತ್ರ ಎದ್ದು, ಒಂದು ಮಾತಾಡಿ, ಮತ್ತೆ ಮಲಗಿಬಿಡುತ್ತದೆ. ಅದನ್ನು ಕುಂಭಕರ್ಣನ ವಂಶದ್ದೆನ್ನಬಹುದು. ಅದರ ಸೆಲ್ಲು ಹಲವು ವರ್ಷಗಳ ಕಾಲ ಬಾಳುವುದರಲ್ಲಿ ಆಶ್ಚರ್ಯವಿಲ್ಲ.

ಗುಂಡಿಯನ್ನೂ ಒತ್ತದೆ, ಬೀಗದ ಕೈ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುವ ವ್ಯವಸ್ಥೆ ಬಂದುದು ಅನಂತರ. 1993ರ ಷೆವ್ರೊಲೆ ಕಾರ್ವೆಟ್ ಕಾರಿನಲ್ಲಿ ಇದರ ಒಂದು ರೂಪವಿತ್ತು. 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆ ಇದನ್ನು ತನ್ನ ದೊಡ್ಡ ಕಾರುಗಳಿಗೆ ತಂದಿತು. ಈಗ ನಮ್ಮ ಮಧ್ಯಮ ವರ್ಗದ ಕಾರುಗಳಿಗೂ ಅದು ಬಂದಿದೆ. ಈ ಬೀಗದ ಕೈ ಕುಂಭಕರ್ಣನಲ್ಲ. ಹದಿನಾಲ್ಕು ವರ್ಷ ಕಣ್ಣು ಮುಚ್ಚದೆ ಪರ್ಣಶಾಲೆಯ ಬಾಗಿಲು ಕಾಯ್ದ ಲಕ್ಷ್ಮಣ. ಹಗಲಿರುಳೂ ಅದು ಕಿವಿದೆರೆದು ಆಲಿಸುತ್ತಲೇ ಇರುತ್ತದೆ.

ಆಲಿಸುವುದು ಏನನ್ನು? ಕಾರಿನ ಕರೆಯನ್ನು. ಬಾಗಿಲ ಹಿಡಿಕೆಗಳಲ್ಲಿಯೂ ಕಾರಿನ ಒಳಗೂ ಅಡಗಿರುವ ಸುರುಳಿಗಳು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವರ್ತದಲ್ಲಿ "ನನ್ನ ಬೀಗದ ಕೈ ಹತ್ತಿರದಲ್ಲಿದೆಯೇ?" ಎಂದು ಕೂಗುತ್ತವೆ. ಹಿರಿಯರ ನೆನಪಿನಲ್ಲಿ ಉಳಿದಿರುವ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗಿಂತಲೂ ಇದು ಬಹಳ ಕೆಳಗಿನ ಸ್ಥಾಯಿ. ಈ ಕೂಗು ಕೆಲವು ಅಡಿಗಳಾಚೆ ಕೇಳದು. ಕೇಳುವಷ್ಟು ಸಮೀಪದಲ್ಲಿದ್ದರೆ ಬೀಗದ ಕೈ ಎಚ್ಚೆತ್ತು, ತನ್ನ ಗುಪ್ತಸಂಕೇತವನ್ನು ಲೆಕ್ಕಹಾಕಿ, ಮೇಲಿನ ಸ್ಥಾಯಿಯಲ್ಲಿ ಉತ್ತರವನ್ನು ಹೇಳುತ್ತದೆ. ನಮ್ಮ ದೇಶದ ಕಾರುಗಳಲ್ಲಿ ಈ ಉತ್ತರಕ್ಕೆ ಬಹುಮಟ್ಟಿಗೆ 433.92 ಮೆಗಾಹರ್ಟ್ಸ್ ಬಳಕೆಯಲ್ಲಿದೆ.

ಎಲ್ಲ ಕಾರುಗಳೂ ಒಂದೇ ರೀತಿಯಾಗಿ ಕರೆಯುವುದಿಲ್ಲ. ಕೆಲವು, ಹಿಡಿಕೆಯನ್ನು ಮುಟ್ಟಿದಾಗ ಮಾತ್ರ ಕೂಗುತ್ತವೆ. ಯಜಮಾನ ಸಮೀಪಿಸಿದೊಡನೆ ದೀಪ ಬೆಳಗಿಸಿ ಸ್ವಾಗತಿಸುವ ಕಾರುಗಳು ಮಾತ್ರ ನಿಂತಲ್ಲಿಯೇ ಮತ್ತೆಮತ್ತೆ ಕೂಗುತ್ತಿರಬೇಕಾಗುತ್ತದೆ. ಕೂಗದಿದ್ದರೆ ಯಜಮಾನ ಬಂದನೆಂದು ತಿಳಿಯುವುದೆಂತು? ನನ್ನ ಕಾರು ಈ ಎರಡನೆಯ ಜಾತಿಯದು. ಅದು ದೀಪ ಬೆಳಗಿಸುವುದನ್ನು ನೆರೆಹೊರೆಯವರಿಗೆ ತೋರಿಸಿ ನಾನು ಹೆಮ್ಮೆಪಟ್ಟದ್ದೂ ಉಂಟು.

ಸೆಲ್ಲಿನ ಆಯವ್ಯಯ

"ಈಗ ನಿಮ್ಮ ಸೆಲ್ಲಿನ ಆಯವ್ಯಯವನ್ನು ನೋಡೋಣ" ಎಂದು ಮಿತ್ರರು ಕಾಗದ ತೆಗೆದರು.

ಬಹುತೇಕ ಬೀಗದ ಕೈಗಳಲ್ಲಿರುವುದು ಸಿ.ಆರ್. 2032 ಎಂಬ ಸೆಲ್ಲು. ಇದು ಗೂಢಲಿಪಿಯೇನಲ್ಲ: ಸಿ ಎಂಬುದು ಲಿಥಿಯಮ್ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್‌ಗಳ ರಸಾಯನವನ್ನೂ, ಆರ್ ಎಂಬುದು ದುಂಡಾಕಾರವನ್ನೂ ಸೂಚಿಸುತ್ತದೆ, ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಒತ್ತಡ 3 ವೋಲ್ಟ್. ಅದರ ಸಂಗ್ರಹ ಸುಮಾರು 220 ಮಿಲಿಆಂಪಿಯರ್-ಗಂಟೆ. ಸುಮ್ಮನೆ ಇಟ್ಟರೆ ವರ್ಷಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ತಾನಾಗಿ ಸೋರುವ, ಬಹು ಮಿತವ್ಯಯಿಯಾದ ಸೆಲ್ಲಿದು.

ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿಗೆ ಮೈಕ್ರೋ ಆಂಪಿಯರ್ ಎಂದು ಹೆಸರು. ಬೀಗದ ಕೈ ಬರಿದೆ ಕಿವಿಗೊಟ್ಟು ಕುಳಿತಿರುವಾಗ ಕೆಲವೇ ಮೈಕ್ರೋ ಆಂಪಿಯರ್ ಸಾಕು. 5 ಎಂದಿಟ್ಟುಕೊಂಡರೆ 44,000 ಗಂಟೆ, ಎಂದರೆ 5 ವರ್ಷ. ಕರೆಗಳಿಗೆ ಉತ್ತರ ಹೇಳುತ್ತ ಅದರ ಸರಾಸರಿ ವೆಚ್ಚ 25ಕ್ಕೆ ಏರಿದರೆ 8,800 ಗಂಟೆ, ಎಂದರೆ ಒಂದು ವರ್ಷ. 100ಕ್ಕೆ ಏರಿದರೆ 2,200 ಗಂಟೆ. ಮಿತ್ರರು ಆ ಸಂಖ್ಯೆಯನ್ನು 24ರಿಂದ ಭಾಗಿಸಿ ನನ್ನ ಮುಂದಿಟ್ಟರು: 92 ದಿನ.

ಮೂರು ತಿಂಗಳು! ನನ್ನ ಬೀಗದ ಕೈಯ ಆಯುಸ್ಸೇ ಅದು. ಯಾರೋ ಅದನ್ನು ರಾತ್ರಿಯಿಡೀ ಎಬ್ಬಿಸುತ್ತಿರಬೇಕು. ಇಲ್ಲವೇ ಅದರ ಹೊಟ್ಟೆಯೊಳಗೇ ಎಲ್ಲೋ ಸೋರಿಕೆಯಿರಬೇಕು. ಎರಡರಲ್ಲಿ ಯಾವುದು?

ಎರಡು ಬೀಗದ ಕೈಗಳ ಪರೀಕ್ಷೆ

ನಮ್ಮ ಮನೆಯ ಹಜಾರದ ಗೋಡೆಯಲ್ಲಿ ಒಂದು ಗೂಟವಿದೆ. ಕಾರಿನ ಬೀಗದ ಕೈಗೆ ಅದೇ ಸ್ಥಾನ. ಆ ಗೋಡೆಯ ಹೊರಮಗ್ಗುಲಿಗೇ ಪೋರ್ಟಿಕೋ, ಅಲ್ಲಿಯೇ ಕಾರು. ಮಿತ್ರರು ಟೇಪು ಹಿಡಿದು ಅಳೆದರು. ಗೂಟಕ್ಕೂ ಚಾಲಕನ ಬಾಗಿಲ ಹಿಡಿಕೆಗೂ ನಡುವೆ ಇದ್ದುದು ಮೂರೇ ಅಡಿ. ಇಟ್ಟಿಗೆಯ ಗೋಡೆ 125 ಕಿಲೋಹರ್ಟ್ಸ್ ಕರೆಗೆ ಒಂದು ಅಡ್ಡಿಯೇ ಅಲ್ಲವಂತೆ.

ಆದರೂ ಅವರು ಕೂಡಲೇ ತೀರ್ಪು ಕೊಡಲಿಲ್ಲ. "ಎರಡನೆಯ ಬೀಗದ ಕೈ ಎಲ್ಲಿ?" ಎಂದರು. 2021ರಲ್ಲಿ ಕಾರು ಕೊಂಡಾಗ ಕೊಟ್ಟಿದ್ದ ಅದನ್ನು, ಭದ್ರವಾಗಿರಲೆಂದು ಬೆಂಗಳೂರಿನ ನನ್ನ ತಮ್ಮನ ಮನೆಯಲ್ಲಿ ಇಟ್ಟಿದ್ದೆ. ಆ ಜಾವ ಅದು ಕೈಗೊದಗದೆ ಹೋದುದಕ್ಕೆ ಕಾರಣ ಈ ಅತಿಭದ್ರತೆಯೇ. 2024ರ ಶಿವರಾತ್ರಿಗೆ ತಮ್ಮ ಅದನ್ನು ತಂದನು. ಮೂರು ವರ್ಷಗಳಾದರೂ ಅದರೊಳಗಿನ ಮೊದಲ ಸೆಲ್ಲು ಇನ್ನೂ ಜೀವಂತವಾಗಿತ್ತು!

ಇದು ಗೋಡೆಯ ಗೂಟದ ತಪ್ಪೋ, ನನ್ನ ಬೀಗದ ಕೈಯ ತಪ್ಪೋ ಎಂದು ನಿರ್ಣಯಿಸಲು ಮಿತ್ರರು ಹೂಡಿದ ಉಪಾಯ ಅತ್ಯಂತ ಸರಳ. ಒಂದೇ ಕಂಪನಿಯ, ಒಂದೇ ತಾರೀಖಿನ ಎರಡು ಸೆಲ್ಲುಗಳನ್ನು ಎರಡಕ್ಕೂ ಹಾಕಿಸಿದೆವು. ತಮ್ಮ ತಂದ ಆರೋಗ್ಯವಂತ ಬೀಗದ ಕೈಯನ್ನು ಹಜಾರದ ಗೂಟಕ್ಕೆ ತಗುಲಿಹಾಕಿದೆವು. ರೋಗಿಷ್ಠವೆಂದು ಹೆಸರಾಗಿದ್ದ ನನ್ನದನ್ನು ಮನೆಯ ಹಿಂಭಾಗದ ಕೋಣೆಯ ಬೀರುವಿನಲ್ಲಿ ಇಟ್ಟೆವು. ಬೆಸ ತಾರೀಖುಗಳಂದು ಒಂದನ್ನು, ಸರಿ ತಾರೀಖುಗಳಂದು ಇನ್ನೊಂದನ್ನು ಬಳಸಬೇಕೆಂದು ಕಟ್ಟುಮಾಡಿದರು. ಇಲ್ಲವಾದರೆ ಹೆಚ್ಚು ಬಳಸಿದ್ದು ಬೇಗ ಬಳಲಿತೆಂಬ ಸಂದೇಹ ಉಳಿಯುತ್ತದೆ.

ಜೂನ್ ತಿಂಗಳ ಮೊದಲ ವಾರ ಕಾರಿನ ಫಲಕದಲ್ಲಿ ಸೂಚನೆ ಮೂಡಿತು. ಕ್ಷೀಣಿಸಿದ್ದು ಗೂಟದ ಮೇಲಿನ ಆರೋಗ್ಯವಂತ! ಬೀರುವಿನೊಳಗಿನ ರೋಗಿ ಹಾಯಾಗಿದ್ದನು. ಮೂರು ಅಡಿ ದೂರದಲ್ಲಿ ನಿಂತು ಕಾರು ಕರೆಯುತ್ತಲೇ ಇತ್ತು; ಗೋಡೆಯ ಈಚೆ ಬೀಗದ ಕೈ ಓಗೊಡುತ್ತಲೇ ಇತ್ತು. ನಾವು ಮನೆಮಂದಿಯೆಲ್ಲ ಮಲಗಿದ ಮೇಲೆ ಪ್ರತಿರಾತ್ರಿ ನಡೆಯುತ್ತಿದ್ದ ಈ ಸಂಭಾಷಣೆಗೆ ಒಂದು ವರ್ಷದಲ್ಲಿ ನಾಲ್ಕು ಸೆಲ್ಲುಗಳು ಆಹುತಿಯಾಗಿದ್ದವು.

ಎಷ್ಟು ದೂರ ಇಡಬೇಕೆಂದು ಕೇಳುವಿರಾದರೆ, ಹತ್ತು ಹನ್ನೆರಡು ಅಡಿಗಳಾಚೆ ಇದ್ದರೆ ಚಿಂತೆಯಿಲ್ಲ. ಈ ಕರೆಯ ಬಲ ಅಂತರದ ಘನಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಅಂತರ ಇಮ್ಮಡಿಯಾದರೆ ಬಲ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮನೆ ಚಿಕ್ಕದಾಗಿದ್ದು ದೂರವಿಡಲು ಸ್ಥಳವಿಲ್ಲವಾದರೆ ಮುಚ್ಚಳ ಬಿಗಿಯಾದ ತವರದ ಡಬ್ಬಿಯಲ್ಲಿ ಇಟ್ಟು ನೋಡಬಹುದು. ಡಬ್ಬಿಯನ್ನು ಹಿಡಿದು ಕಾರಿನ ಪಕ್ಕದಲ್ಲಿ ನಿಂತಾಗ ಬಾಗಿಲು ತೆರೆಯದಿದ್ದರೆ ಡಬ್ಬಿ ಯೋಗ್ಯವಾದುದೆಂದು ತಿಳಿಯಬೇಕು. ಕರೆಯನ್ನೂ ಉತ್ತರವನ್ನೂ ದೂರಕ್ಕೆ ಸಾಗಿಸುವ ಯಂತ್ರಗಳಿಂದ ಕಾರು ಕದಿಯುವ ಕಳ್ಳರಿಗೂ ಇದರಿಂದ ನಿರಾಶೆಯಾಗುತ್ತದೆ.

ಕರೆಯುವುದು ಕಾರೊಂದೇ ಅಲ್ಲ. ತಂತಿಯಿಲ್ಲದೆ ಮೊಬೈಲಿಗೆ ವಿದ್ಯುತ್ತು ತುಂಬುವ ಹಲಗೆಗಳು 100ರಿಂದ 200 ಕಿಲೋಹರ್ಟ್ಸ್‌ಗಳ ಆಸುಪಾಸಿನಲ್ಲಿಯೇ ಕೆಲಸ ಮಾಡುತ್ತವೆ. ದೂರದರ್ಶನ, ಗಣಕಯಂತ್ರ, ಚಾರ್ಜರ್, ಇಂಡಕ್ಷನ್ ಒಲೆ ಇವುಗಳ ಪಕ್ಕದಲ್ಲಿಯೂ ಬೀಗದ ಕೈಯನ್ನು ಇಡಬಾರದೆಂದು ಕಾರಿನ ಕೈಪಿಡಿಗಳು ಎಚ್ಚರಿಸುತ್ತವೆ. ಇವುಗಳ ಗದ್ದಲವನ್ನೇ ಕರೆಯೆಂದು ಭ್ರಮಿಸಿ ಅದು ಪದೇಪದೇ ಬೆಚ್ಚಿ ಏಳುತ್ತದೆ. ಕೆಲವು ಹೊಸ ಬೀಗದ ಕೈಗಳಲ್ಲಿ ಚಲನೆಯನ್ನು ಅರಿಯುವ ಅಂಗವಿದ್ದು, ಅಲುಗದೆ ಬಿದ್ದಿದ್ದರೆ ಅವು ತಾವಾಗಿಯೇ ಮಲಗುತ್ತವೆ. ಇನ್ನು ಕೆಲವನ್ನು ಗುಂಡಿಗಳ ನಿಯತ ಒತ್ತುವಿಕೆಯಿಂದ ನಾವೇ ಮಲಗಿಸಬಹುದು. ನಿಮ್ಮದು ಯಾವ ಬಗೆಯದೆಂಬುದನ್ನು ಕಾರಿನೊಡನೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿರಿ.

ಗೂಟ ನಿರಪರಾಧಿಯಾದರೆ

ಬೀರುವಿನಲ್ಲಿಟ್ಟ ಬೀಗದ ಕೈಯೇ ಮೊದಲು ಸೋತಿದ್ದರೆ? ಆಗ ರೋಗ ಅದರ ಒಡಲಲ್ಲಿಯೇ ಇದೆಯೆಂದು ತಿಳಿದು ಕ್ರಮವಾಗಿ ಹುಡುಕಬೇಕು.

ಮೊದಲು ಸೆಲ್ಲು. 2032 ಇರಬೇಕಾದ ಕಡೆ ತೆಳುವಾದ 2025 ಕೂರಿಸಿದ್ದರೆ ಸಂಪರ್ಕ ಸಡಿಲ, ಸಂಗ್ರಹವೂ ಕಡಮೆ. ಪುನಃ ವಿದ್ಯುತ್ತು ತುಂಬಬಹುದಾದ ಅದೇ ಗಾತ್ರದ ಸೆಲ್ಲುಗಳ ಒತ್ತಡ ಹೆಚ್ಚು, ಅವನ್ನು ಹಾಕಲೇಬಾರದು. ಮಕ್ಕಳು ನುಂಗದಿರಲೆಂದು ಕಹಿ ಲೇಪನ ಬಳಿದ ಸೆಲ್ಲುಗಳು ಕೆಲವು ಉಪಕರಣಗಳಲ್ಲಿ ಸರಿಯಾಗಿ ಸಂಪರ್ಕ ಕೊಡುವುದಿಲ್ಲ. ಮೀಟರಿನಲ್ಲಿ ಅಳೆದು 3 ವೋಲ್ಟ್ ಇದೆಯೆಂದು ನಿಶ್ಚಿಂತರಾಗಬಾರದು. ಹೊರೆಯಿಲ್ಲದಾಗ 3 ತೋರಿಸುವ ಮುದಿ ಸೆಲ್ಲು, ಉತ್ತರ ಹೇಳುವ ಶ್ರಮ ಬಿದ್ದೊಡನೆ ಕುಸಿಯುತ್ತದೆ. ಚಳಿಯಲ್ಲಿ ಈ ಕುಸಿತ ಇನ್ನೂ ಹೆಚ್ಚು. ನನ್ನ ಬೀಗದ ಕೈ ಹಿಂದಿನ ಸಂಜೆ ಕೆಲಸ ಮಾಡಿ, ಮಾಗಿಯ ಜಾವದಲ್ಲಿ ಕೈಕೊಟ್ಟುದರ ಗುಟ್ಟು ಇದೇ ಇರಬೇಕು.

ಅನಂತರ ಗುಂಡಿ. ರಬ್ಬರು ಸವೆದು ಒಳಗೇ ಸಿಕ್ಕಿಕೊಂಡಿದ್ದರೆ, ಅಥವಾ ಬಿಗಿಯಾದ ಜೇಬಿನಲ್ಲಿ ಗೊಂಚಲಿನ ಬೇರೆ ಕೈಗಳು ಅದನ್ನು ಒತ್ತುತ್ತಿದ್ದರೆ, ಬೀಗದ ಕೈ ದಿನವಿಡೀ ಕೂಗುತ್ತಿರುತ್ತದೆ. ಬಳಿಕ ಒಳಗಿನ ಹಲಗೆ. ಮಳೆಯಲ್ಲಿ ನೆನೆದು, ಬಟ್ಟೆಯೊಡನೆ ಒಗೆತಕ್ಕೆ ಹೋಗಿ ಬಂದ ಬೀಗದ ಕೈಯಲ್ಲಿ ಹಸಿರು ಕಿಲುಬು ಕಟ್ಟಿ, ಆ ದಾರಿಯಲ್ಲಿ ವಿದ್ಯುತ್ತು ಸೋರುತ್ತದೆ. ಬಲ್ಲ ರಿಪೇರಿಯವರು ಸೆಲ್ಲಿಗೂ ಹಲಗೆಗೂ ನಡುವೆ ಮೀಟರನ್ನು ಜೋಡಿಸಿ, ಸುಮ್ಮನಿರುವಾಗ ಹರಿಯುವ ವಿದ್ಯುತ್ತನ್ನು ಅಳೆಯುತ್ತಾರೆ. ಕೆಲವೇ ಮೈಕ್ರೋ ಆಂಪಿಯರ್ ಇದ್ದರೆ ಹಲಗೆ ನಿರ್ದೋಷಿ. ನೂರಾರು ಇದ್ದರೆ ಹಲಗೆಯನ್ನು ತೊಳೆಸಬೇಕು, ಇಲ್ಲವೇ ಬದಲಾಯಿಸಬೇಕು. ಹೊಸ ಬೀಗದ ಕೈ ಕೊಳ್ಳುವ ಮಾತು ಬರಬೇಕಾದುದು ಇಷ್ಟಾದ ಮೇಲೆ.

ಆ ಜಾವ ನನಗೆ ತಿಳಿಯದೆ ಇದ್ದುದು

ತಾಯಿಯವರ ಪ್ರಶ್ನೆಗೆ ಉತ್ತರ ದೊರೆತುದೂ ಈ ಶೋಧದಲ್ಲಿಯೇ. ಕಾರಿನವರು ನೆಟ್ಟಗಿನ ಬೀಗದ ಕೈಯನ್ನು ಕೊಟ್ಟಿದ್ದರು. ಅದು ಈ ಬೀಗದ ಕೈಯ ಹೊಟ್ಟೆಯೊಳಗೇ ಇತ್ತು! ಪಕ್ಕದ ಚಿಕ್ಕ ಕೊಂಡಿಯನ್ನು ಸರಿಸಿದರೆ ಉಕ್ಕಿನ ಒಂದು ಪುಟ್ಟ ಕೀಲಿ ಹೊರಬರುತ್ತದೆ. ಚಾಲಕನ ಬಾಗಿಲಲ್ಲಿ ಅದಕ್ಕೊಂದು ರಂಧ್ರವಿದೆ. ಹಲವು ಕಾರುಗಳಲ್ಲಿ ಅದನ್ನು ಹಿಡಿಕೆಯ ತುದಿಯ ಮುಚ್ಚಳದ ಹಿಂದೆ ಮರೆಮಾಡಿರುತ್ತಾರೆ. ಹಾಗೆ ತೆರೆದಾಗ ಕೆಲವು ಕಾರುಗಳು ಕಳ್ಳ ಬಂದನೆಂದು ಕಿರುಚುತ್ತವೆ. ಹೆದರಬೇಕಾಗಿಲ್ಲ, ಕಾರು ಚಾಲೂ ಆದೊಡನೆ ಅದು ಅಡಗುತ್ತದೆ.

ಸೆಲ್ಲು ಸತ್ತಿರುವಾಗ ಕಾರನ್ನು ಚಾಲೂ ಮಾಡುವುದೆಂತು? ಬೀಗದ ಕೈಯಲ್ಲಿ ಇನ್ನೊಂದು ಚಿಕ್ಕ ಅಂಗವಿದೆ. ಅದಕ್ಕೆ ಸೆಲ್ಲೇ ಬೇಡ. ಕಾರಿನ ಸುರುಳಿಯಿಂದಲೇ ಶಕ್ತಿಯನ್ನು ಪಡೆದು ಅದು ತನ್ನ ಗುರುತನ್ನು ಹೇಳುತ್ತದೆ. ಆದುದರಿಂದ ಬ್ರೇಕನ್ನು ತುಳಿದು, ಬೀಗದ ಕೈಯನ್ನು ಚಾಲೂ ಗುಂಡಿಗೆ ತಾಗಿಸಿ ಹಿಡಿದು ಒತ್ತಿದರೆ ಅನೇಕ ಕಾರುಗಳು ಹೊರಡುತ್ತವೆ. ಕೆಲವದರಲ್ಲಿ ಅದಕ್ಕೆಂದೇ ಬೇರೆ ಜಾಗವಿದೆ. ಕೈಪಿಡಿಯಲ್ಲಿ ಇದು ಅರ್ಧ ಪುಟದ ವಿಷಯ. ಆ ಅರ್ಧ ಪುಟವನ್ನು ನಾನು ಮೂರು ವರ್ಷಗಳಲ್ಲಿ ಓದಿರಲಿಲ್ಲ. ವಾಚಕರಲ್ಲಿ ನನ್ನ ವಿನಂತಿ ಒಂದೇ: ಈ ಭಾನುವಾರ ಬಿಡುವಾದಾಗ, ಹಗಲು ಹೊತ್ತಿನಲ್ಲಿ, ಮನೆಯ ಎಲ್ಲ ಚಾಲಕರೂ ಒಮ್ಮೆ ಇದನ್ನು ಕೈಯಾರೆ ಮಾಡಿ ನೋಡಿರಿ.

ಮೇಜಿನ ಮೇಲೆ ಬಿಟ್ಟ ಸೆಲ್ಲು

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣ. ಜೂನ್ ತಿಂಗಳಲ್ಲಿ ತೆಗೆದ ಹಳೆಯ ಸೆಲ್ಲನ್ನು ನಾನು ಮೇಜಿನ ಮೇಲೆ ಬಿಟ್ಟಿದ್ದೆ. ತಮ್ಮನ ಎರಡು ವರ್ಷದ ಮಗಳು ಅದನ್ನು ಹೊಸ ನಾಣ್ಯವೆಂದು ಬಗೆದು ಬಾಯಿಗೆ ಒಯ್ಯುತ್ತಿದ್ದುದನ್ನು ನನ್ನ ಮಡದಿ ಕಂಡು ಕಸಿದುಕೊಂಡಳು. ಆಗ ನಾವು ನಕ್ಕುಬಿಟ್ಟೆವು. ನಿಜಸ್ಥಿತಿ ತಿಳಿದ ಮೇಲೆ ನಗೆ ಮಾಯವಾಯಿತು.

ಈ ಗಾತ್ರದ ಸೆಲ್ಲು ಪುಟ್ಟ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ತೇವದ ಸಂಪರ್ಕದಿಂದ ಅಲ್ಲಿಯೇ ವಿದ್ಯುತ್ತು ಹರಿದು, ತೀಕ್ಷ್ಣವಾದ ಕ್ಷಾರ ಉತ್ಪತ್ತಿಯಾಗಿ, ಎರಡೇ ಗಂಟೆಗಳಲ್ಲಿ ಒಳಗೋಡೆ ಗಂಭೀರವಾಗಿ ಸುಡಬಹುದು. ಬೀಗದ ಕೈಗೆ ಸಾಲದೆಂದು ನಾವು ತೆಗೆದೊಗೆದ ಸೆಲ್ಲಿನಲ್ಲಿ ಇಷ್ಟಕ್ಕೆ ಬೇಕಾದ ಶಕ್ತಿ ಇನ್ನೂ ಉಳಿದಿರುತ್ತದೆ. ಮಗು ನುಂಗಿತೆಂಬ ಸಂದೇಹ ಬಂದರೂ ಸಾಕು, ವಾಂತಿ ಮಾಡಿಸಲು ಯತ್ನಿಸದೆ, ಒಂದು ಕ್ಷಣವೂ ತಡಮಾಡದೆ, ಎಕ್ಸ್-ರೇ ಸೌಕರ್ಯವುಳ್ಳ ಆಸ್ಪತ್ರೆಗೆ ಧಾವಿಸಬೇಕು. ನುಂಗಿ ಹನ್ನೆರಡು ಗಂಟೆ ಮೀರಿರದೆ, ಮಗುವಿಗೆ ಒಂದು ವರ್ಷ ತುಂಬಿದ್ದು, ಅದಕ್ಕೆ ನುಂಗಲು ಸಾಧ್ಯವಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದೆಂದೂ, ಹೀಗೆ ಆರು ಸಲಕ್ಕಿಂತ ಹೆಚ್ಚು ಕೊಡಬಾರದೆಂದೂ ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ ಸೂಚಿಸಿದೆ. ಜೇನು ಹುಡುಕುತ್ತ ಹೊತ್ತು ಕಳೆಯುವುದು ಮಾತ್ರ ಸಲ್ಲದು. ಹಳೆಯ ಸೆಲ್ಲಿನ ಎರಡೂ ಮುಖಗಳಿಗೆ ಟೇಪು ಸುತ್ತಿ, ಮಕ್ಕಳ ಕೈಗೆಟುಕದಂತೆ ಇಟ್ಟು, ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಮೂರು ತಿಂಗಳಿಗೊಮ್ಮೆ ಸೆಲ್ಲು ಬದಲಾಯಿಸುವ ಮನೆಯಲ್ಲಿ ಈ ಗಂಡಾಂತರ ವರ್ಷಕ್ಕೆ ನಾಲ್ಕು ಬಾರಿ ಮೇಜಿನ ಮೇಲೆ ಬಂದು ಕುಳಿತುಕೊಳ್ಳುತ್ತದೆ.

ಈಗ ನಮ್ಮ ಹಜಾರದ ಗೂಟದಲ್ಲಿ ಕೊಡೆ ತೂಗುತ್ತದೆ. ಬೀಗದ ಕೈಗಳೆರಡೂ ಹಿಂದಿನ ಕೋಣೆಯಲ್ಲಿವೆ. ಬೀರುವಿನ ರೋಗಿಗೆ ಶಿವರಾತ್ರಿಯಲ್ಲಿ ಹಾಕಿದ ಸೆಲ್ಲು 2025ರ ಯುಗಾದಿ ಕಳೆದ ಮೇಲೂ ತನ್ನ ಕೆಲಸ ಮಾಡುತ್ತಿತ್ತು. ತಾಯಿಯವರು ರಾತ್ರಿ ಬಾಗಿಲ ಅಗುಳಿ ಹಾಕಿದೆಯೇ, ಒಲೆಯ ಅನಿಲ ನಿಲ್ಲಿಸಿದೆಯೇ ಎಂದು ವಿಚಾರಿಸುವ ಸಾಲಿಗೆ ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಂಡಿದ್ದಾರೆ:

"ಬೀಗದ ಕೈಯನ್ನು ಒಳಗೆ ಮಲಗಿಸಿದೆಯೇನೋ?"

ಮಲಗಿಸಿದ್ದೇನೆಂದು ಹೇಳಿದ ಮೇಲೆಯೇ ಅವರು ದೀಪ ಆರಿಸುವುದು.